ಒಣಕೊಂಬೆ ಉಳಿದರೆ ಮರಕುಟಿಗದ ಫೋಟೊ

ಮರಕುಟಿಗದ ಫೋಟೊ ತೆಗೀಬೇಕು ಅಂದ್ರೆ ದಾಂಡೇಲಿಗೋ ಕಬಿನಿಗೋ ಹೋಗಬೇಕು ಅಂತ ಬಹಳ ಮಂದಿ ಅಂದುಕೊಂಡಿದ್ದಾರೆ. ದಾಂಡೇಲಿ ಕಾಡಿನಲ್ಲಿ ಬಿಳಿಹೊಟ್ಟೆಯ ದೊಡ್ಡ ಕಪ್ಪು ಮರಕುಟಿಗವನ್ನು ನೋಡುವ ಸೊಗಸೇ ಬೇರೆ, ನಿಜ. ಆದರೆ ಬೆಂಗಳೂರಿನ ದಂಡು ಪ್ರದೇಶದ ರಿಚರ್ಡ್ಸ್ ಟೌನ್‌ನಂಥ ಹಳೇ ಬಡಾವಣೆಯವರು ಅಷ್ಟು ದೂರ ಹೋಗಬೇಕಿಲ್ಲ. ರಿಚರ್ಡ್ಸ್ ಪಾರ್ಕಿನ ವಯಸ್ಸಾದ ಮರಗಳು, ಹಳೇ ಬಂಗಲೆಗಳ ಕಾಂಪೌಂಡಿನ ಮರಗಳು: ಹೊಂಬೆನ್ನಿನ ಮರಕುಟಿಗಕ್ಕೆ ಒಗ್ಗುವುದು ಇಂಥ ಜಾಗವೇ.

ಮೊದಲು ಕಿವಿ, ಆಮೇಲೆ ಕ್ಯಾಮೆರಾ. ಬೇಸಿಗೆಯಲ್ಲಿ ‘ಟಂಕ್ ಟಂಕ್’ ಅಂತ ಒಂದೇ ಸಮನೆ ಕೇಳಿಸಿದರೆ ಅದು ಮರಕುಟಿಗ ಅಲ್ಲ, ಕಂಚುಕುಟಿಗ. ಆ ಸದ್ದು ಅದರ ಗಂಟಲಿನದು, ಕೊಕ್ಕಿನದಲ್ಲ. ಹೊಂಬೆನ್ನಿನ ಮರಕುಟಿಗ ಕೂಗುವುದು ಸಣ್ಣ ಕುದುರೆ ಕೆನೆದ ಹಾಗೆ. ಹಾರುವಾಗ ಅಲೆಯಂತೆ ಏರಿ ಇಳಿಯುತ್ತದೆ. ಬೆನ್ನು ಬಂಗಾರ, ತಲೆ ಮೇಲೆ ಕೆಂಪು ಜುಟ್ಟು. ಗಂಡಿಗೆ ಹಣೆಯಿಂದಲೇ ಕೆಂಪು. ಹೆಣ್ಣಿನ ಹಣೆ ಕಪ್ಪು, ಅದರ ಮೇಲೆ ಬಿಳಿ ಚುಕ್ಕೆ.

ಹಕ್ಕಿ ಕಂಡ ಕೂಡಲೇ ಹತ್ತಿರ ಓಡಬೇಡಿ. ಓಡಿದರೆ ಅದು ಕಾಂಡದ ಆ ಬದಿಗೆ ಸರಿದು ಅಡಗುತ್ತದೆ. ನೀವು ಸುತ್ತಿದರೆ ಅದೂ ಸುತ್ತುತ್ತದೆ! ಒಂದು ಕಡೆ ನಿಂತುಬಿಡಿ. ಮರಕುಟಿಗ ಸಾಮಾನ್ಯವಾಗಿ ಕಾಂಡದ ಕೆಳಗಿನಿಂದ ಮೇಲಕ್ಕೆ ಹತ್ತುತ್ತಾ ಹೋಗುತ್ತದೆ. ಎರಡು ಬೆರಳು ಮುಂದೆ, ಎರಡು ಹಿಂದೆ, ಗಟ್ಟಿ ಬಾಲದ ಗರಿಗಳ ಆಸರೆ. ಹಾಗಾಗಿ ಈಗ ಇರುವ ಜಾಗಕ್ಕಿಂತ ಎರಡು ಮೂರು ಅಡಿ ಮೇಲೆ ಫೋಕಸ್ ಮಾಡಿಕೊಂಡು ಕಾಯುವುದು ಲೇಸು.

ಕುಟ್ಟುವಾಗ ತಲೆ ಎಷ್ಟು ವೇಗ ಅಂದ್ರೆ ಸಾಧಾರಣ ಶಟರ್ ವೇಗದಲ್ಲಿ ಮುಖವೇ ಮಸುಕು. ಸೆಕೆಂಡಿನ 2000ನೇ ಒಂದು ಭಾಗದಷ್ಟಾದರೂ ವೇಗ ಇಡಿ. ನೆರಳಿನಲ್ಲಿ ಅಷ್ಟು ಬೆಳಕಿಲ್ಲವೇ? ಕುಟ್ಟಿ ಕುಟ್ಟಿ ನಡುವೆ ಅದು ತಲೆ ಓರೆ ಮಾಡಿ ಒಂದು ಕ್ಷಣ ನಿಲ್ಲುತ್ತದೆ. ಆಗ 500ನೇ ಒಂದು ಭಾಗ ಸಾಕು. ಹಿಂದೆ ಬಿಳಿ ಆಕಾಶವಿದ್ದರೆ ಹಕ್ಕಿ ಬರೀ ಕಪ್ಪು ನೆರಳಾಗುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ ಹೆಚ್ಚಿಸಿ. ಪೂರ್ಣಚಂದ್ರ ತೇಜಸ್ವಿ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂಥವರು ಹಕ್ಕಿ ಬೆನ್ನುಹತ್ತಿದ ಫಿಲ್ಮ್ ಕಾಲದಲ್ಲಿ ಒಂದು ರೋಲಿಗೆ ಸಿಗುತ್ತಿದ್ದದ್ದು 36 ಚಿತ್ರ. ಕಾಯುವುದೇ ಅರ್ಧ ಕೆಲಸವಾಗಿತ್ತು. ಈಗಲೂ ಅಷ್ಟೇ.

ಈ ಹಕ್ಕಿ ಸಿಗುವುದು ಎಲ್ಲಿ? ಹೆಚ್ಚಾಗಿ ಒಣಗಿದ, ಒಳಗೆ ಮೆತ್ತಗಾದ ಕೊಂಬೆಯಲ್ಲಿ. ಇರುವೆ, ಹುಳು ಸಿಗುವುದು ಅಲ್ಲಿ, ಪೊಟರೆ ಕೊರೆಯುವುದೂ ಅಲ್ಲೇ. ನಮ್ಮ ಕಡೆ ಮುಖ್ಯವಾಗಿ ಫೆಬ್ರವರಿಯಿಂದ ಜುಲೈವರೆಗೆ ಅದು ಮರಿ ಮಾಡುತ್ತದೆ. ಮೊಟ್ಟೆ ಒಡೆಯಲು ಸುಮಾರು 11 ದಿನ, ಮರಿ ಹಾರಲು ಮತ್ತೆ 20 ದಿನ. ಫೋಟೊ ಹುಚ್ಚಿನವರಿಗೆ ಆಸೆ ಹುಟ್ಟುವುದೂ ಈಗಲೇ. ಪೊಟರೆ ಮುಂದೆ ಕ್ಯಾಮೆರಾ ನಿಲ್ಲಿಸಿದರೆ ಹಕ್ಕಿ ಬಂದೇ ಬರುತ್ತದಲ್ಲ! ಆದರೆ ಜನ ಕಂಡು ತಾಯಿ ತಂದೆ ದೂರ ಉಳಿದಷ್ಟು ಹೊತ್ತು ಮರಿ ಹಸಿದಿರುತ್ತದೆ. ಗೂಡಿನ ಚಿತ್ರವನ್ನು ಹಲವು ಸ್ಪರ್ಧೆಗಳು ಈಗ ತಗೊಳ್ಳುವುದೇ ಇಲ್ಲ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದೂ ಬೇಡ. ಪೊಟರೆಯ ಜಾಗವನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚುವುದಂತೂ ಬೇಡವೇ ಬೇಡ.

ಇನ್ನೊಂದು ಅಪಾಯ ಮಳೆಗಾಲಕ್ಕೆ ಮುಂಚೆ ಬರುತ್ತದೆ. ಗಾಳಿಮಳೆಗೆ ಕೊಂಬೆ ಬಿದ್ದೀತೆಂಬ ಭಯದಿಂದ ಒಣಗಿದ್ದನ್ನೆಲ್ಲ ಕತ್ತರಿಸುತ್ತಾರೆ. ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು ಎನ್ನುತ್ತದೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಆದರೆ ಒಣಕೊಂಬೆಯ ಪರ ವಕಾಲತ್ತು ಹಾಕುವವರು ಯಾರು? ರಸ್ತೆ ಮೇಲೆ, ಮಕ್ಕಳು ಆಡುವ ಕಡೆ ಚಾಚಿದ ಕೊಂಬೆ ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರೂ ಓಡಾಡದ ಹಿತ್ತಲ ಮೂಲೆಯಲ್ಲಿ ಬುಡದಿಂದ ಕತ್ತರಿಸುವ ಬದಲು ಐದಾರು ಅಡಿ ಮೋಟು ಉಳಿಸಬಹುದಲ್ಲ. ಗರಗಸದವರು ಬಂದಾಗ ಪೊಟರೆ ಇದೆಯಾ ಅಂತ ಒಮ್ಮೆ ನೋಡಿ. ಹಕ್ಕಿ ಒಳಗೆ ಹೊರಗೆ ಓಡಾಡುತ್ತಿದ್ದರೆ, ಅಪಾಯ ಇಲ್ಲದ ಕಡೆ ಒಂದು ತಿಂಗಳು ಮುಂದೂಡಿ ಅಂತ ಕೇಳಿ.

ಹಾಗೆ ಉಳಿದ ಮೋಟು ಒಂದು ಹಕ್ಕಿಯದಷ್ಟೇ ಅಲ್ಲ. ಮರಕುಟಿಗ ಬಿಟ್ಟುಹೋದ ಪೊಟರೆಗೆ ಗೊರವಂಕ, ಗಿಳಿ, ಮಡಿವಾಳ ಹಕ್ಕಿ, ಹಾಲಕ್ಕಿ ಬಾಡಿಗೆಯಿಲ್ಲದೆ ಬಂದು ಸೇರುತ್ತವೆ. ಅವಕ್ಕೆ ಸ್ವತಃ ಕೊರೆಯಲು ಬರುವುದಿಲ್ಲ. ನಾಳೆ ಬೆಳಿಗ್ಗೆ ವಾಕಿಂಗ್ ಹೊರಟಾಗ ನಿಮ್ಮ ಬೀದಿಯ ಹಳೇ ಮರದ ಒಣಕೊಂಬೆಯನ್ನೊಮ್ಮೆ ತಲೆಯೆತ್ತಿ ನೋಡಿ. ಕ್ಯಾಮೆರಾ ಇಲ್ಲದಿದ್ದರೂ ಪರವಾಗಿಲ್ಲ.