ಹೊಸ ಬಾತ್‌ರೂಮ್‌ನ ಬಿಳಿ ಕಲೆಗೆ ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಹಾಕಬಹುದೇ?

ಆಸಿಡ್‌ಗೆ ಸ್ವಲ್ಪ ಬ್ಲೀಚಿಂಗ್ ಪೌಡರ್ ಬೆರೆಸಿ ಉಜ್ಜಿದರೆ ಟೈಲ್ಸ್ ಐದೇ ನಿಮಿಷದಲ್ಲಿ ಫಳಫಳ ಹೊಳೆಯುತ್ತದೆ ಎನ್ನುವಂಥ ಟಿಪ್ಸ್ ವಾಟ್ಸ್‌ಆ್ಯಪ್‌ನಲ್ಲಿ ನಿಮಗೂ ಬಂದಿರಬಹುದು. ಬಾತ್‌ರೂಮ್ ರಿಪೇರಿ ಮಾಡಿಸುತ್ತಿರುವವರು ಇದನ್ನು ನಂಬುವುದೂ ಸುಲಭ. ಆದರೆ ಇದನ್ನು ಮಾಡಲೇಬೇಡಿ. ಇವೆರಡು ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಹೊರಬರುತ್ತದೆ.

ನಮ್ಮ ಕಡೆ ಬಿಳಿ ಕಲೆ ಯಾಕೆ ಹೆಚ್ಚು?

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿ ನೋಡಿದರೂ ಬೋರ್‌ವೆಲ್‌ಗಳೇ ಆಧಾರ. ಕೆಲವು ಸಾವಿರ ಅಡಿಯನ್ನೂ ದಾಟಿವೆ. ಬಂಡೆಗಳ ನಡುವೆ ಬಹುಕಾಲ ನಿಂತ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿರುತ್ತವೆ. ಇದೇ ಗಡಸು ನೀರು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ ಬ್ಯೂರೋ.

ಗಡಸು ನೀರು ಟೈಲ್ಸ್ ಮೇಲೆ ಒಣಗಿದಾಗ ನೀರು ಆರಿ, ಸುಣ್ಣದಂಥ ಅಂಶ ಉಳಿಯುತ್ತದೆ. ಹೊಸ ಬಾತ್‌ರೂಮ್‌ನಲ್ಲಿ ಇದರ ಜೊತೆಗೆ ಸಂದು ತುಂಬಿದ ವೈಟ್ ಸಿಮೆಂಟಿನ ತೆಳು ಪೊರೆಯೂ ಇರುತ್ತದೆ.

ಬೆರೆಸಿದಾಗ ಆಗುವುದೇನು?

ಟೈಲ್ಸ್ ತೊಳೆಯುವ ಆಸಿಡ್ ಎಂದರೆ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಹಲವು ಟಾಯ್ಲೆಟ್ ಕ್ಲೀನರ್‌ಗಳಲ್ಲೂ ಇರುವುದು ಇದೇ. ಬ್ಲೀಚಿಂಗ್ ಪೌಡರ್‌ಗೆ ಇದು ತಾಗಿದ ಕೂಡಲೇ ಕ್ಲೋರಿನ್ ಬಿಡುಗಡೆಯಾಗುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್‌ನಲ್ಲಿ, ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಶತ್ರುಗಳ ಮೇಲೆ ಬಿಟ್ಟಿದ್ದು ಇದೇ ಅನಿಲವನ್ನು.

ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಹಾಗಾಗಿ ಅದು ನೆಲದ ಹತ್ತಿರವೇ ನಿಲ್ಲುತ್ತದೆ. ಕುಕ್ಕರಗಾಲಲ್ಲಿ ಕೂತು ನೆಲ ಉಜ್ಜುವವರ ಮೂಗೂ ಅಲ್ಲೇ ಇರುತ್ತದೆ.

ರಿಪೇರಿ ಸಮಯದಲ್ಲಿ ಅಪಾಯ ಹೆಚ್ಚು

ಯಾರೂ ಬೇಕೆಂದು ಬೆರೆಸದಿದ್ದರೂ ಇವು ಸೇರಬಹುದು. ಮನೆಗಿರುವುದು ಒಂದೇ ಬಾತ್‌ರೂಮ್ ಎಂದುಕೊಳ್ಳಿ. ಸಂಜೆ ಕೆಲಸದವರು ಆಸಿಡ್ ಹಾಕಿ ತೊಳೆದು ಹೋಗುತ್ತಾರೆ. ಮೂಲೆಯಲ್ಲಿ, ಜಾಲಿಯ ಕೆಳಗೆ ಸ್ವಲ್ಪ ಆಸಿಡ್ ಉಳಿದಿರುತ್ತದೆ. ರಾತ್ರಿ ವಾಸನೆ ಎಂದು ಮನೆಯವರು ಬ್ಲೀಚಿಂಗ್ ಪೌಡರ್ ಚೆಲ್ಲುತ್ತಾರೆ. ಎಕ್ಸಾಸ್ಟ್ ಫ್ಯಾನ್ ಇನ್ನೂ ಹಾಕಿಲ್ಲ, ಧೂಳು ಬರದಿರಲೆಂದು ಕಿಟಕಿಗೆ ಪ್ಲಾಸ್ಟಿಕ್ ಬೇರೆ ಕಟ್ಟಿದೆ. ಅನಿಲ ಹೊರಹೋಗಲು ದಾರಿಯೇ ಇಲ್ಲ.

ಹಾಗಾಗಿ ಕೆಲಸದವರು ಹೊರಡುವ ಮುನ್ನ ಒಂದು ಪ್ರಶ್ನೆ ಕೇಳಿ: "ಇವತ್ತು ಆಸಿಡ್ ಹಾಕಿದ್ರಾ?" ಹೌದೆಂದರೆ ಧಾರಾಳವಾಗಿ ನೀರು ಸುರಿದು ತೊಳೆಸಿ. ಆ ದಿನ ಬ್ಲೀಚಿಂಗ್ ಪೌಡರ್ ಮುಟ್ಟಬೇಡಿ.

ಬರೀ ಆಸಿಡ್ ಹಾಕಿದರೆ?

ಕಲೆ ಹೋಗುತ್ತದೆ ನಿಜ. ಆದರೆ ಸಂದಿನ ಸಿಮೆಂಟನ್ನೂ ಆಸಿಡ್ ತಿನ್ನುತ್ತದೆ. ಮತ್ತೆ ಮತ್ತೆ ಹಾಕಿದರೆ ಸಂದು ಬಿಟ್ಟು ನೀರು ಒಳಗಿಳಿಯುತ್ತದೆ. ಕಡಪ ಕಲ್ಲು ಸುಣ್ಣದ ಕಲ್ಲಾದ್ದರಿಂದ ಆಸಿಡ್ ತಾಗಿದರೆ ಮೇಲ್ಮೈಯೇ ಹಾಳು. ನಲ್ಲಿಗಳ ಹೊಳಪೂ ಹೋಗುತ್ತದೆ.

ಹಾಗಾದರೆ ಏನು ಮಾಡಬೇಕು?

- ಸಂದು ತುಂಬಿದ ದಿನವೇ, ಸಿಮೆಂಟ್ ಪೊರೆ ಗಟ್ಟಿಯಾಗುವ ಮೊದಲು, ಒದ್ದೆ ಬಟ್ಟೆಯಿಂದ ಟೈಲ್ಸ್ ಒರೆಸಲು ಹೇಳಿ.
- ಗಡಸು ನೀರಿನ ಕಲೆಗೆ ನೀರು ಬೆರೆಸಿದ ವಿನೆಗರ್ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಕಡಪ ಕಲ್ಲು, ಮಾರ್ಬಲ್‌ಗೆ ಇದೂ ಬೇಡ. ವಿನೆಗರ್ ಜೊತೆಗೂ ಬ್ಲೀಚಿಂಗ್ ಪೌಡರ್ ಸೇರಿಸಬಾರದು.
- ಸ್ನಾನವಾದ ಮೇಲೆ ವೈಪರ್‌ನಿಂದ ನೀರೆಳೆಯಿರಿ. ನೀರು ನಿಂತು ಒಣಗದಿದ್ದರೆ ಕಲೆಯೂ ಅಷ್ಟಾಗಿ ಕೂರುವುದಿಲ್ಲ.

ಆ ಅನಿಲ ಎಳೆದುಕೊಂಡರೆ?

ಗಂಟಲು, ಕಣ್ಣು ಉರಿದು ಕೆಮ್ಮು ಬಂದರೆ ತಕ್ಷಣ ಹೊರಬನ್ನಿ. ಬಕೆಟ್ ತರಲೆಂದು ಮತ್ತೆ ಒಳಗೆ ಹೋಗಬೇಡಿ. ಕಣ್ಣು, ಚರ್ಮವನ್ನು 15 ನಿಮಿಷ ನೀರಿನಲ್ಲಿ ತೊಳೆಯಿರಿ. ಹಾಲು ಕುಡಿದರೆ ಸರಿಹೋಗುತ್ತದೆ ಎಂಬುದು ಸುಳ್ಳು. ಅನಿಲ ಹೋಗಿರುವುದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ. ಉಸಿರಾಟ ಕಷ್ಟವಾದರೆ 108ಕ್ಕೆ ಕರೆ ಮಾಡಿ. ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವೊಮ್ಮೆ ಗಂಟೆಗಳ ನಂತರ. ಆದ್ದರಿಂದ ಕೆಮ್ಮು ಕಡಿಮೆಯಾಯಿತೆಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ. ಆಸ್ತಮಾ ಇರುವವರು, ಮಕ್ಕಳು, ವಯಸ್ಸಾದವರ ವಿಷಯದಲ್ಲಿ ತಡ ಮಾಡಲೇಬೇಡಿ.

ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಬೆರೆಸಿ ಎನ್ನುವ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ. ಮನೆ ರಿಪೇರಿ ಮಾಡಿಸುತ್ತಿರುವ ನಿಮ್ಮವರಿಗೆ ಇದನ್ನು ಕಳಿಸಿ.