ಮತ್ಸ್ಯಪಂಜರಗಳೂ ಕಡಲಿನ ಪ್ರಾಣವಾಯುವೂ

ಒಂದು ಲೀಟರು ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕವುಂಟು. 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ಒಂದು ಲೀಟರು ಸಮುದ್ರಜಲವು ಗಾಳಿಯಿಂದ ಪಡೆದಿಟ್ಟುಕೊಳ್ಳಬಲ್ಲುದು 7 ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚು ಮಾತ್ರ. ನೀರು ಕಾದಷ್ಟೂ ಉಪ್ಪು ಹೆಚ್ಚಿದಷ್ಟೂ ಇದೂ ಕುಗ್ಗುವುದು. ಆಮ್ಲಗಳಿಗೆಲ್ಲ ಈ ವಾಯುವೇ ಮೂಲವೆಂಬ ಲವಾಸಿಯೇಯ ತಪ್ಪೆಣಿಕೆಯಿಂದ ಹುಟ್ಟಿದ ಹೆಸರಿಗಿಂತ 'ಪ್ರಾಣವಾಯು'ವೆಂಬುದೇ ಈ ಪ್ರಸ್ತಾವಕ್ಕೆ ಹೆಚ್ಚು ಒಪ್ಪುವುದು.

ಪಂಜರಗಳಲ್ಲಿ ಒತ್ತಾಗಿ ಸಾಕಿದ ಮೀನುಗಳು ಈ ಅಲ್ಪನಿಧಿಯನ್ನು ಎರಡು ಬಗೆಯಲ್ಲಿ ವ್ಯಯಮಾಡುವುವು. ಉಸಿರಾಟದ ವ್ಯಯವು ಪ್ರತ್ಯಕ್ಷವಾದುದು. ಮೇವುಂಡ ಬಳಿಕ ಅದು ಹೆಚ್ಚುವುದು. ತೆರೆದ ಕಡಲಿನಲ್ಲಿ ಪ್ರವಾಹವು ಈ ಕೊರತೆಯನ್ನು ಬೇಗನೆ ತುಂಬಿಕೊಡುವುದು. ಮತ್ತೊಂದು ವ್ಯಯವು ಪರೋಕ್ಷವಾದುದು. ತಿನ್ನದುಳಿದ ಮೇವೂ ಮಲವೂ ತಳಕ್ಕಿಳಿದು ಕೊಳೆಯುವಾಗ ಸೂಕ್ಷ್ಮಜೀವಿಗಳು ಅಲ್ಲಿಯ ಪ್ರಾಣವಾಯುವನ್ನು ಹೀರುವುವು. ಮೇಲಿನ ನೀರು ಕೆಳಗಿನದರೊಡನೆ ಬೆರೆಯದ ಕಡೆ ಈ ಸಾಲವು ಬಹುಕಾಲ ತೀರದು.

ಟಾಸ್ಮೇನಿಯಾದ ಪಶ್ಚಿಮ ತೀರದ ಮಕ್ವಾರಿ ಹಾರ್ಬರ್ ಎಂಬ ಕೊಲ್ಲಿಯು ಅಂತಹುದು. ಗೋರ್ಡನ್ ಮತ್ತು ಕಿಂಗ್ ನದಿಗಳ ಕಂದುಬಣ್ಣದ ಸಿಹಿನೀರು ಅಲ್ಲಿ ಉಪ್ಪುನೀರಿನ ಮೇಲೆ ಹೊದಿಕೆಯಂತೆ ಹರಡಿರುವುದು. 'ನರಕದ್ವಾರ'ವೆಂಬರ್ಥದ ಹೆಸರುಳ್ಳ ಅದರ ಅಳಿವೆಯು ಇಕ್ಕಟ್ಟಾದುದು, ಆಳವಿಲ್ಲದುದು. (ಒಳಗಿನ ಸಾರಾ ದ್ವೀಪದಲ್ಲಿ 1822ರಿಂದ 1833ರವರೆಗೆ ಕೈದಿಗಳ ನೆಲೆಯಿದ್ದಿತು, ಹೆಸರು ಅವರಿಂದ ಬಂದುದೆಂದು ಪ್ರತೀತಿ.) ನದಿಗಳು ಇಳಿದಿದ್ದು, ಗಾಳಿಯೂ ಭರತವೂ ಕೂಡಿಬಂದಾಗಲೇ ಕಡಲಿನ ಹೊಸನೀರು ತಳವನ್ನು ಸೇರುವುದು. ಗೋರ್ಡನ್ ನದಿಯ ಹರಿವು ಜಲವಿದ್ಯುದಾಗಾರಕ್ಕೆ ಅಧೀನವಾದುದರಿಂದ ಎಲ್ಲ ಹೊಣೆಯನ್ನೂ ಪಂಜರಗಳ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಆದರೆ 2012ರಲ್ಲಿ ಸಾಲ್ಮನ್ ಮೀನಿನ ಸಾಕಣೆಯ ವಿಸ್ತರಣೆಗೆ ಅನುಮತಿ ದೊರೆತ ಮೇಲೆ ತಳದ ಕೊರತೆಯು ತೀವ್ರವಾದುದೂ ನಿಜ.

ಈ ಕೊರತೆಗೆ ಈಡಾದುದು ತೊರಕೆಯ ಜ್ಞಾತಿಯಾದ ಮೋಜಿಯನ್ ಸ್ಕೇಟ್ ಎಂಬ ಮೀನು. ಇಂದು ಜಗತ್ತಿನಲ್ಲಿ ಇದಕ್ಕೆ ಖಚಿತವಾದ ನೆಲೆಯೆಂದರೆ ಈ ಕೊಲ್ಲಿಯೊಂದೇ. ತಾಯಿಮೀನು ಉಸಿರು ಕಟ್ಟಿದರೆ ಮೇಲಕ್ಕೇರಬಲ್ಲುದು. ತಳದಲ್ಲಿಟ್ಟ ಮೊಟ್ಟೆಯಾದರೋ ಹಲವು ತಿಂಗಳು ಇದ್ದಲ್ಲಿಯೇ ಇರಬೇಕು. ಮೇಲಕ್ಕೇರುವುದೂ ಯಾವಾಗಲೂ ರಕ್ಷಣೆಯಲ್ಲ: 2019ರಲ್ಲಿ ಬಿರುಗಾಳಿಯು ತಳದ ನಿರ್ಜೀವಜಲವನ್ನು ಮೇಲೆತ್ತಿದಾಗ, ಸಂಶೋಧಕರು ಗುರುತು ಕಟ್ಟಿ ಬಿಟ್ಟಿದ್ದ ಮೀನುಗಳಲ್ಲಿ ಅರ್ಧಕ್ಕೆ ಸಮೀಪ ಸತ್ತುವು. 2014ರಿಂದ 2021ರೊಳಗೆ ಸಂತತಿಯು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತೆಂದು ಟಾಸ್ಮೇನಿಯಾ ವಿಶ್ವವಿದ್ಯಾನಿಲಯದ ಗಣನೆಯಿಂದ ತಿಳಿದುಬಂದಿತು.

ಸಾಕುವ ಮೀನಿನ ಪರಿಮಾಣವನ್ನು ಸರಕಾರವು ತಗ್ಗಿಸಿತು. 2024ರಲ್ಲಿ, ದೋಣಿಯ ಮೇಲಿರಿಸಿದ ಯಂತ್ರದಿಂದ ಆಳದ ನೀರಿಗೆ ಪ್ರಾಣವಾಯುವನ್ನು ಊಡುವ ಪ್ರಯೋಗವೂ ನಡೆಯಿತು. 2025ರಲ್ಲಿ ಪ್ರಕಟವಾದ ಗಣನೆಯಂತೆ ಮೀನಿನ ಸಂಖ್ಯೆಯು 2014ರ ಮಟ್ಟವನ್ನು ಮತ್ತೆ ಮುಟ್ಟಿದಂತೆ ತೋರುವುದು. ಆದರೆ ಒಂದು ಕೊಲ್ಲಿಯಲ್ಲಿ ಮಾತ್ರ ಉಳಿದಿರುವ ಜಾತಿಗೆ ಒಂದು ಬಿರುಗಾಳಿಯೂ ಅಲ್ಪವಾದ ಅಪಾಯವಲ್ಲ.