ಬ್ರೇಕ್ ಸಡಿಲಿಸಿದರೆ ಏಳುವ ಕೋಶ ಯಾವುದು?

ದೇಹದ ರೋಗನಿರೋಧಕ ಪಡೆಯ ಟಿ-ಕೋಶದ ಮೈಮೇಲೆ ಎರಡು ಬಗೆಯ ಗ್ರಾಹಕಗಳಿರುತ್ತವೆ. ಸಿಡಿ28ರಂಥವು ಕೋಶವನ್ನು ಹುರಿದುಂಬಿಸುತ್ತವೆ; ಸಿಟಿಎಲ್‌ಎ-4, ಪಿಡಿ-1 ಮುಂತಾದವು ಬ್ರೇಕಿನಂತೆ ತಡೆದು ನಿಲ್ಲಿಸುತ್ತವೆ. ಈ ಎರಡನೆಯ ಬಗೆಗೆ ಚೆಕ್‌ಪಾಯಿಂಟ್ ಗ್ರಾಹಕಗಳೆಂದು ಹೆಸರು. ಸೋಂಕು ತೀರಿದ ಮೇಲೂ ಟಿ-ಕೋಶಗಳು ಕಾದಾಡುತ್ತಲೇ ಇದ್ದರೆ ಸ್ವಂತ ಅಂಗಾಂಗಗಳಿಗೇ ಅಪಾಯ. ಅದಕ್ಕೇ ಈ ಏರ್ಪಾಡು. ಇದನ್ನೇ ಬಳಸಿಕೊಂಡು ಶ್ವಾಸಕೋಶದ ಕ್ಯಾನ್ಸರ್ ಗೆಡ್ಡೆಗಳಲ್ಲಿ ಹಲವು ಪಿಡಿ-ಎಲ್1 ಎಂಬ ಪ್ರೋಟೀನನ್ನು ಮೈಮೇಲೆ ತೋರಿಸಿ, ಬಳಿಗೆ ಬಂದ ಟಿ-ಕೋಶದ ಪಿಡಿ-1 ಬ್ರೇಕನ್ನು ತಾವೇ ಒತ್ತುತ್ತವೆ.

ಇಂಥ ಬ್ರೇಕನ್ನು ಸಡಿಲಿಸಿ ಕ್ಯಾನ್ಸರ್ ಗುಣಪಡಿಸಬಹುದೆಂಬುದಕ್ಕೆ ಮೊದಲ ಗಟ್ಟಿ ಪುರಾವೆ ಸಿಕ್ಕಿದ್ದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯ ಬರ್ಕ್ಲಿಯಲ್ಲಿ. ಸಿಟಿಎಲ್‌ಎ-4 ಪತ್ತೆಯಾದದ್ದು 1987ರಲ್ಲಿ, ಫ್ರಾನ್ಸಿನಲ್ಲಿ. ಅದರ ಕೆಲಸವೇನೆಂಬುದು ವರ್ಷಗಟ್ಟಲೆ ವಿವಾದದಲ್ಲಿತ್ತು; ಅದೂ ಹುರಿದುಂಬಿಸುವ ಗ್ರಾಹಕವೇ ಎಂದು ವಾದಿಸಿದವರಿದ್ದರು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಆಲಿಸನ್ ಮತ್ತು ಅವರ ವಿದ್ಯಾರ್ಥಿ ಮ್ಯಾಥ್ಯೂ ಕ್ರುಮ್ಮೆಲ್, ಅವರಿಂದ ಸ್ವತಂತ್ರವಾಗಿ ಶಿಕಾಗೋದ ಜೆಫ್ರಿ ಬ್ಲೂಸ್ಟೋನ್, ಅದು ತಡೆಯುವಂಥದ್ದೇ ಎಂದು ತೋರಿಸಿದರು. 1994ರ ಕೊನೆಯಲ್ಲಿ ಆಲಿಸನ್ ಪ್ರಯೋಗಾಲಯದ ಡಾನಾ ಲೀಚ್, ಗೆಡ್ಡೆ ಬೆಳೆಸಿದ ಇಲಿಗಳಿಗೆ ಸಿಟಿಎಲ್‌ಎ-4ನ್ನು ಮುಚ್ಚಿಬಿಡುವ ಪ್ರತಿಕಾಯ ಚುಚ್ಚಿದರು. ಗೆಡ್ಡೆಗಳು ಕರಗಿದವು. ನಂಬುವುದು ಕಷ್ಟವಾಗಿ, ಕ್ರಿಸ್‌ಮಸ್ ರಜೆಯಲ್ಲೇ ಪ್ರಯೋಗ ಮತ್ತೊಮ್ಮೆ ನಡೆಯಿತು. ಈ ಸಲ ಅಳತೆ ಹಿಡಿದವರು ಆಲಿಸನ್. ಯಾವ ಪಂಜರಕ್ಕೆ ಯಾವ ಚುಚ್ಚುಮದ್ದು ಬಿದ್ದಿದೆಯೆಂಬುದು ಅವರಿಗೆ ಗೊತ್ತಿರಲಿಲ್ಲ. ಮೊದಮೊದಲು ಎಲ್ಲ ಪಂಜರಗಳಲ್ಲೂ ಗೆಡ್ಡೆ ಒಂದೇ ಸಮನೆ ಬೆಳೆಯಿತು. ಆಮೇಲೆ ಕೆಲವು ಪಂಜರಗಳಲ್ಲಿ ಬೆಳವಣಿಗೆ ನಿಂತಿತು, ಗೆಡ್ಡೆ ಕುಗ್ಗಿತು, ಕಡೆಗೆ ಇಲ್ಲವಾಯಿತು. 1996ರಲ್ಲಿ ಇದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 2018ರ ನೊಬೆಲ್ ಆಲಿಸನ್‌ಗೂ, ಪಿಡಿ-1 ಪತ್ತೆಹಚ್ಚಿದ ಕ್ಯೋಟೊದ ತಾಸುಕು ಹೊಂಜೊಗೂ ಸಂದಿತು.

‘ಇಮ್ಯುನಿಟಿ ಬೂಸ್ಟರ್’ ಪುಡಿ, ಕಷಾಯಗಳ ವ್ಯಾಪಾರಕ್ಕೆ ಈ ಇತಿಹಾಸದ ಪರಿಚಯವಿದ್ದಂತಿಲ್ಲ. ಆ ಪೊಟ್ಟಣಗಳು ಬೆಂಗಳೂರಿನಷ್ಟೇ ಸಲೀಸಾಗಿ ಕ್ಯಾಲಿಫೋರ್ನಿಯಾದ ಸನ್ನಿವೇಲ್, ಫ್ರೀಮಾಂಟ್‌ಗಳಲ್ಲೂ ಸಿಗುತ್ತವೆ. ಕ್ಯಾನ್ಸರ್ ರೋಗಿಯಲ್ಲಿ ನಿರೋಧಕ ಶಕ್ತಿಯೇ ಬತ್ತಿಹೋಗಿದೆ, ಮೇಲಿಂದ ಸುರಿದು ತುಂಬಿದರೆ ಸಾಕು ಎಂಬ ಕಲ್ಪನೆಯೇ ತಪ್ಪು. ಎಷ್ಟೋ ಗೆಡ್ಡೆಗಳ ಒಳಗೇ ಟಿ-ಕೋಶಗಳು ಕಿಕ್ಕಿರಿದಿರುತ್ತವೆ; ಇದ್ದೂ ಕೆಲಸ ಮಾಡದಂತೆ ತಡೆಹಿಡಿಯಲ್ಪಟ್ಟಿರುತ್ತವೆ, ಅಷ್ಟೆ. ಇನ್ನು, ತಡೆಯೇ ಇಲ್ಲದ ನಿರೋಧಕ ಶಕ್ತಿ ವರವೂ ಅಲ್ಲ. ಸಿಟಿಎಲ್‌ಎ-4 ಜೀನ್ ಇಲ್ಲದ ಇಲಿಮರಿಗಳು ಹುಟ್ಟಿದ ಮೂರು-ನಾಲ್ಕು ವಾರಗಳಲ್ಲೇ ತಮ್ಮದೇ ಟಿ-ಕೋಶಗಳ ದಾಳಿಗೆ ಸಾಯುತ್ತವೆ. ಈ ಬ್ರೇಕುಗಳನ್ನು ಸಡಿಲಿಸುವ ಚೆಕ್‌ಪಾಯಿಂಟ್ ಔಷಧ ಪಡೆದವರಲ್ಲೂ ಥೈರಾಯ್ಡ್, ಕರುಳು, ಯಕೃತ್ತು, ಶ್ವಾಸಕೋಶಗಳ ಉರಿಯೂತ ಕಾಣಿಸಿಕೊಳ್ಳುವುದುಂಟು.

ಇಷ್ಟಾದರೂ ಬ್ರೇಕ್ ಸಡಿಲಿಸಿದಾಗ ಎದ್ದು ಬರುವ ಕೋಶ ಯಾವುದೆಂಬ ಪ್ರಶ್ನೆ ಬಹುಕಾಲ ಉಳಿದಿತ್ತು. ಗೆಡ್ಡೆಯೊಳಗೆ ಸೋತು ಸುಣ್ಣವಾದ ಟಿ-ಕೋಶಗಳೇ ಚೇತರಿಸಿಕೊಳ್ಳುತ್ತವೆಂದು ಹೆಚ್ಚಿನವರು ತಿಳಿದಿದ್ದರು. ಹೈದರಾಬಾದಿನಲ್ಲಿ ಹುಟ್ಟಿ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ನೆಲೆಸಿದ ರಫಿ ಅಹಮದ್ ಅವರ ತಂಡ 2016ರಲ್ಲಿ ಬೇರೆಯದನ್ನೇ ಕಂಡಿತು. ದೀರ್ಘಕಾಲದ ವೈರಸ್ ಸೋಂಕಿದ್ದ ಇಲಿಗಳಲ್ಲಿ, ಪಿಡಿ-1 ತಡೆ ತೆಗೆದಾಗ ಸಂಖ್ಯೆ ಹೆಚ್ಚಿಸಿಕೊಂಡದ್ದು ಟಿಸಿಎಫ್-1 ಎಂಬ ಪ್ರೋಟೀನ್ ಹೊತ್ತ ಒಂದು ಸಣ್ಣ ಗುಂಪು. ಇವು ಕಾಂಡಕೋಶಸದೃಶ ಟಿ-ಕೋಶಗಳು: ತಮ್ಮಂಥವನ್ನೇ ಮತ್ತೆ ಹುಟ್ಟಿಸಿಕೊಳ್ಳುತ್ತ, ಜೊತೆಜೊತೆಗೆ ಕೊಲ್ಲುವ ಕೋಶಗಳನ್ನೂ ತಯಾರಿಸುತ್ತವೆ. ಜಾಹೀರಾತಿನ ‘ಸ್ಟೆಮ್ ಸೆಲ್ ಚಿಕಿತ್ಸೆ’ಗೂ ಇವಕ್ಕೂ ಯಾವ ನೆಂಟಸ್ತನವೂ ಇಲ್ಲ.

2019ರಲ್ಲಿ ಸ್ಟ್ಯಾನ್‌ಫರ್ಡ್‌ನ ಅನ್ಸುಮನ್ ಸತ್ಪತಿ ಮತ್ತು ಹೊವರ್ಡ್ ಚಾಂಗ್ ಅವರ ತಂಡಗಳು ಚರ್ಮದ ಕ್ಯಾನ್ಸರ್ ರೋಗಿಗಳಲ್ಲಿ ಚಿಕಿತ್ಸೆಯ ಮುಂಚಿನ ಮತ್ತು ನಂತರದ ಟಿ-ಕೋಶಗಳ ವಂಶಾವಳಿ ಹೋಲಿಸಿದವು. ಗೆಡ್ಡೆಯಲ್ಲಿ ಹೋರಾಡುತ್ತಿದ್ದವುಗಳಲ್ಲಿ ಅನೇಕವು ಅಲ್ಲಿ ಮೊದಲು ಕಂಡಿರದ ಹೊಸ ವಂಶದವು. ಹಳೆಯವು ಎದ್ದದ್ದಕ್ಕಿಂತ ಹೊಸಬರು ಬಂದದ್ದೇ ಹೆಚ್ಚು. ಎಲ್ಲಿಂದ? ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಸ್ಪಿಟ್ಜರ್ ತಂಡ 2023ರಲ್ಲಿ ಅಂಥದೊಂದು ತಾಣವನ್ನು ತಲೆ-ಕತ್ತಿನ ಕ್ಯಾನ್ಸರ್ ರೋಗಿಗಳಲ್ಲಿ ತೋರಿಸಿತು: ಗೆಡ್ಡೆಯ ಸಮೀಪದ ದುಗ್ಧಗ್ರಂಥಿಗಳು. ಔಷಧ ಅಲ್ಲಿನ ಕಾಂಡಕೋಶಸದೃಶ ಕೋಶಗಳನ್ನು ಚುರುಕುಗೊಳಿಸುತ್ತದೆ. ಕ್ಯಾನ್ಸರ್ ಹೊಕ್ಕ ಗ್ರಂಥಿಯಲ್ಲಿ ಈ ಪ್ರಕ್ರಿಯೆ ಕೆಡುತ್ತದೆ. ಶ್ವಾಸಕೋಶದ ಶಸ್ತ್ರಚಿಕಿತ್ಸೆಯಲ್ಲಿ ಗೆಡ್ಡೆಯೊಂದಿಗೆ ಸುತ್ತಲಿನ ಗ್ರಂಥಿಗಳನ್ನೂ ತೆಗೆಯುವುದು ವಾಡಿಕೆ. ಗ್ರಂಥಿ ಹೋಗುವ ಮುನ್ನವೇ ಔಷಧ ಕೊಡುವ ಕ್ರಮಕ್ಕೆ ಇಲ್ಲೊಂದು ಸಮರ್ಥನೆಯಿದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಕೀಮೋ ಜೊತೆ ಪಿಡಿ-1 ತಡೆಯುವ ನಿವೊಲುಮ್ಯಾಬ್ ಬಳಸಲು ಅಮೆರಿಕ 2022ರಲ್ಲಿ ಒಪ್ಪಿಗೆ ಕೊಟ್ಟಿತು.

ಬ್ರೇಕುಗಳ ಸಂಖ್ಯೆ ದೊಡ್ಡದು. ಎಲ್ಲವನ್ನೂ ಬಿಚ್ಚಿದರೆ ಗೆದ್ದಂತೆ ಎಂಬ ಹುರುಪಿಗೆ ಪೆಟ್ಟೂ ಬಿದ್ದಿದೆ. ದಕ್ಷಿಣ ಸ್ಯಾನ್ ಫ್ರಾನ್ಸಿಸ್ಕೋದ ಜೆನೆನ್‌ಟೆಕ್ ಕಂಪನಿಯ ಪಿಡಿ-ಎಲ್1 ಪ್ರತಿಕಾಯ ಅಟೆಜೊಲಿಜುಮ್ಯಾಬ್ 2016ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ಗೆ ಒಪ್ಪಿಗೆ ಪಡೆಯಿತು. ಅದೇ ಕಂಪನಿಯ ವಿಜ್ಞಾನಿಗಳು 2009ರಲ್ಲಿ ವರ್ಣಿಸಿದ ಟಿಜಿಟ್ ಎಂಬ ಗ್ರಾಹಕವನ್ನೂ ಜೊತೆಗೇ ತಡೆದು ನೋಡಿದ ದೊಡ್ಡ ಪರೀಕ್ಷೆ, ರೋಗಿಗಳ ಆಯುಸ್ಸನ್ನು ಖಚಿತವಾಗಿ ಹೆಚ್ಚಿಸಲಾಗದೆ 2024ರಲ್ಲಿ ಸೋತಿತು.

ಒಂದು ಬ್ರೇಕನ್ನು ಸಡಿಲಿಸುವ ಔಷಧವೂ ಎಲ್ಲರಿಗೂ ಒಗ್ಗುವುದಿಲ್ಲ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಂದ ಏಷ್ಯಾ ಮೂಲದ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎಂದೂ ಸಿಗರೇಟು ಸೇದಿದವರಲ್ಲ. ಇಂಥವರ ಗೆಡ್ಡೆಗಳಲ್ಲಿ ಇಜಿಎಫ್‌ಆರ್ ಜೀನಿನ ಮಾರ್ಪಾಡು ಹೆಚ್ಚು, ಮತ್ತು ಅಂಥ ಗೆಡ್ಡೆಗಳು ಚೆಕ್‌ಪಾಯಿಂಟ್ ಔಷಧಕ್ಕೆ ಮಣಿಯುವುದು ಅಪರೂಪ. ಅವಕ್ಕೆ ಆ ಮಾರ್ಪಾಡನ್ನೇ ಗುರಿಯಾಗಿಸುವ ಒಸಿಮರ್ಟಿನಿಬ್‌ನಂಥ ಮಾತ್ರೆ ಮೇಲು. ಪಿಡಿ-1 ಔಷಧ ಕೊಟ್ಟ ಬೆನ್ನಿಗೇ ಒಸಿಮರ್ಟಿನಿಬ್ ಶುರುಮಾಡಿದರೆ ಶ್ವಾಸಕೋಶದ ತೀವ್ರ ಉರಿಯೂತದ ಅಪಾಯ ಏರುವುದರಿಂದ, ಗೆಡ್ಡೆಯ ಜೀನ್ ಪರೀಕ್ಷೆಯ ವರದಿ ಕೈಗೆ ಬಂದ ಮೇಲೆಯೇ ಔಷಧದ ಆಯ್ಕೆ ನಡೆಯುತ್ತದೆ.